ನುಡಿದಂತೆ ನಡೆಯದ ಇಂಗ್ಲಿಷ್ ಸರ್

ನಮ್ಮ ಇಂಗ್ಲಿಷ್ ಸರ್ ತೀರಿಕೊಂಡ ಮೇಲೆ ಕಮಲಾಪುರದ ನಮ್ಮ ಹೈಸ್ಕೂಲಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಆಯಿತು. ಫೋಟೋಕ್ಕೆ ಹಾರ ಹಾಕಿ ಹಿಂದೆ ಬ್ಯಾನರ್ ಕಟ್ಟಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ನುಡಿದಂತೆ ನಡೆದ ಗುರುಗಳಿಗೆ ನಮನ' ಎಂದಿತ್ತು. ಹೆಡ್‌ಮಾಸ್ತರರು ಮೈಕ್ ಹಿಡಿದು, ಇದು ತುಂಬಲಾರದ ನಷ್ಟ ಎಂದರು. ಆ ಮಾತು ನಿಜ. ಸರ್ ನಿವೃತ್ತರಾದಂದಿನಿಂದ ಅವರ ಹುದ್ದೆಯನ್ನು ಯಾರೂ ತುಂಬಿಲ್ಲ. ವಿಜ್ಞಾನದ ಟೀಚರ್ ಆದ ನಾನೇ ಇಂಗ್ಲಿಷ್ ಪೀರಿಯಡ್ಡನ್ನೂ ಎಳೆದುಕೊಂಡು ಹೊರಟಿದ್ದೇನೆ. ಆದರೆ ಬ್ಯಾನರಿನ ಮಾತು ಸುಳ್ಳು. ಸರ್ ಒಂದು ಸಲ ನುಡಿದಂತೆ ನಡೆಯಲಿಲ್ಲ. ಆ ಒಂದು ಸಲದ ಸಂಗತಿ ಬಿಟ್ಟು ಅವರ ಬಗ್ಗೆ ಎಷ್ಟು ಹೊಗಳಿದರೂ ನನಗೆ ಸಮಾಧಾನವಿಲ್ಲ.

ನಾವಿಬ್ಬರೂ ಕಲಬುರಗಿಯಿಂದ ಕಮಲಾಪುರಕ್ಕೆ ದಿನಾ ಹುಮನಾಬಾದ್ ಬಸ್ಸಿಗೆ ಹೋಗುತ್ತಿದ್ದವರು. ಸರ್ ಬಡಕಲು ಆಳು. ಬಿಸಿಲು ಎಷ್ಟೇ ಇರಲಿ ತುಂಬುತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ತುಂಡು ಸೀಮೆಸುಣ್ಣದ ಕಡ್ಡಿ. ಕಂಡಕ್ಟರಿಗೆ ಚಿಲ್ಲರೆ ಕೊಡುವಾಗಲೂ ಬೆರಳಿಗೆ ಅದರ ಪುಡಿ ಅಂಟಿರುತ್ತಿತ್ತು. ಹಳ್ಳಿಯ ಕನ್ನಡ ಸಾಲೆಯಲ್ಲಿ ಕಲಿತು, ಪ್ರೈಮರಿಯಿಂದ ಬಡ್ತಿ ಪಡೆದು ಹೈಸ್ಕೂಲಿಗೆ ಬಂದವರು. ಇಂಗ್ಲಿಷ್ ಕಲಿಸುತ್ತಲೇ ತಲೆ ಬೆಳ್ಳಗಾಗಿದ್ದರೂ ಅದರ ಭಯ ಹೋಗಿರಲಿಲ್ಲ.

"ಇವತ್ತಿಗೂ ಯಾರರೆ ಫೋನಿನ್ಯಾಗ ಇಂಗ್ಲಿಷ್ ಮಾತಾಡಿದ್ರ ನನ್ನ ಅಂಗೈ ಬೆವರ್ತದ ಟೀಚರ್" ಎನ್ನುತ್ತಿದ್ದರು. "ನನಗೇ ಹಿಂಗಾದ್ರ ಆ ಹುಡುಗರ ಗತಿ ಏನ್ರಿ?"

ಆದರೆ ಹತ್ತನೇ ತರಗತಿಗೆ 'ಇಫ್' ವಾಕ್ಯಗಳ ಪಾಠ ಬಂತೆಂದರೆ ಅದೇ ಮನುಷ್ಯನ ಹುರುಪು ನೋಡಬೇಕಿತ್ತು. ಪುಸ್ತಕದಲ್ಲಿ 'ಇಫ್ ಯು ಹೀಟ್ ಐಸ್, ಇಟ್ ಮೆಲ್ಟ್ಸ್' ಎಂದಿರುತ್ತಿತ್ತು. ಸರ್ ಅದನ್ನು ಒಮ್ಮೆ ಗಟ್ಟಿಯಾಗಿ ಓದಿ, "ಮಂಜುಗಡ್ಡಿ ಕಾಸೋರು ಯಾರಪ್ಪ? ನಮ್ಮ ಕಡಿ ಹೊರಗಿಟ್ರ ಸಾಕು" ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದರು. ಆಮೇಲೆ ಮಕ್ಕಳಿಗೆ ಒಂದು ಕೆಲಸ ಹಚ್ಚುತ್ತಿದ್ದರು. ಬಂದ್ರ, ಹೋದ್ರ, ಕೊಟ್ರ ಅಂತ ಮನೆಯಲ್ಲಿ ಯಾರಾದರೂ ಆಡಿದ ಒಂದು ಮಾತನ್ನು ಹಿಡಿದುಕೊಂಡು ಬರಬೇಕು. ಸ್ವಂತದ್ದು ನಡೆಯುವುದಿಲ್ಲ, ಮನೆಯವರ ಬಾಯಿಂದ ಬಂದದ್ದೇ ಇರಬೇಕು. ಬೋರ್ಡಿನ ನಡುವೆ ಗೆರೆ ಎಳೆದು, ಎಡಕ್ಕೆ 'ದ್ರ' ಎಂದೂ ಬಲಕ್ಕೆ 'ಏನಾಗ್ತದ' ಎಂದೂ ಬರೆದು, ಮಕ್ಕಳು ತಂದ ಮಾತನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದರು.

ಪಕ್ಕದ ಕೋಣೆಯಲ್ಲಿ ಆಮ್ಲ ಪ್ರತ್ಯಾಮ್ಲ ಹೇಳುತ್ತಿದ್ದ ನನಗೆ ಆ ನಗೆ ಗದ್ದಲವೆಲ್ಲ ಕೇಳುತ್ತಿತ್ತು. "ಇನ್ನೊಮ್ಮಿ ಮೊಬೈಲ್ ಮುಟ್ಟಿದ್ರ ಕೈ ಮುರೀತೀನಿ." "ಕರೆಂಟ್ ಬಂದ್ರ ಬಾಳಿ ಗಿಡಕ್ಕ ನೀರ್ ಬಿಡ್ರಿ." ಒಮ್ಮೆ ಒಬ್ಬ ಹುಡುಗ ಎದ್ದುನಿಂತು, "ನಿಮ್ಮಪ್ಪ ಕುಡದ್ ಬಂದ್ರ ಬಾಗಲಾ ತಗೀಬ್ಯಾಡ್ರಿ" ಎಂದನಂತೆ. ಸರ್ ಅದನ್ನು ಬರೆದಂತೆ ಮಾಡಿ ಒರೆಸಿ, ಆ ಸಂಜೆ ಬಸ್ಸು ಬಿಟ್ಟು ಅವನ ಮನೆಗೆ ಹೋಗಿ ಬಂದರು. ಕಮಲಾಪುರದ ಯಾವ ಮನೆಯಲ್ಲಿ ಏನು ನಡೆದಿದೆ ಎಂಬುದು ಊರಿನವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ಈ ವಾಕ್ಯಗಳಲ್ಲಿ ಮೂರು ನಮೂನೆ. ಅವನ್ನು ಸರ್ ಬಸ್ಸಿನ ಮೇಲೆ ಕಲಿಸುತ್ತಿದ್ದರು. "ಮೊದಲನೇದರಾಗ ಬಸ್ ಇನ್ನೂ ಬರಾದದ, ಕಾಯಬೇಕು. ಎರಡನೇದರಾಗ ಆ ರೂಟಿಗಿ ಬಸ್ಸೇ ಇಲ್ಲ, ಸುಮ್ಮ ಆಸಿ. ಮೂರನೇದರಾಗ ಬಸ್ ಹೋಗಿಬಿಟ್ಟದ." ಮೊದಲೆರಡು ಮಕ್ಕಳ ತಲೆಗೆ ಹತ್ತುತ್ತಿದ್ದವು. ಮೂರನೆಯದು ಬಹಳ ಜನಕ್ಕೆ ಹತ್ತುತ್ತಿರಲಿಲ್ಲ.

ಇನ್ನೊಂದು ಗುಣವಿತ್ತು, ಅದಕ್ಕೆ ನಾನು ಅವರನ್ನು ಕಾಡಿಸದ ದಿನವಿಲ್ಲ. ತಮ್ಮ ಬಾಯಿಂದ 'ದ್ರ' ಎಂದು ಒಂದು ಪಣ ಬಿತ್ತೆಂದರೆ ಅದು ಆಗಿಯೇ ತೀರಬೇಕು. "ನಾಳಿ ಹೋಂವರ್ಕ್ ತರದಿದ್ರ ನಾ ಊಟ ಮಾಡಂಗಿಲ್ಲ" ಎಂದು ಒಮ್ಮೆ ತರಗತಿಯಲ್ಲಿ ಅಂದುಬಿಟ್ಟರು. ಹುಡುಗರು ತರಲಿಲ್ಲ. ಸರ್ ಡಬ್ಬಿಯನ್ನು ಬಿಚ್ಚದೆ ಬಸ್ಸು ಹತ್ತಿದರು. ಇನ್ನೊಮ್ಮೆ "ಬಸ್ ತಪ್ಪಿದ್ರ ನಡಕೋತ ಬರ್ತೀನಿ" ಅಂದಿದ್ದಕ್ಕೆ ಖರೇನೇ ನಡೆಯಲು ಹೊರಟು, ಯಾರೋ ಹಾಲಿನ ಗಾಡಿಯವರು ಕರುಣೆಯಿಂದ ಹತ್ತಿಸಿಕೊಂಡು ಬಂದು ಬಿಟ್ಟರು. ಮಂಡಿಯವರೆಗೆ ಧೂಳು. "ಮಕ್ಕಳಿಗಿ ಮೊದಲನೇದ್ ಕಲಿಸೋನು ನಾನು. ಅಂದದ್ದು ಆಗದಿದ್ರ ಅದೂ ಎರಡನೇದೇ ಆತಲ್ರಿ" ಎಂದು ವಾದ ಬೇರೆ. ನಾನು ಇದನ್ನು ಹಟ ಎನ್ನುತ್ತಿದ್ದೆ. ಮಕ್ಕಳು ಮಾತ್ರ ಅವರು ಏನಂದರೂ ನಂಬುತ್ತಿದ್ದರು.

ಆ ವರ್ಷದ ಹತ್ತನೇ ತರಗತಿಯಲ್ಲಿ ಅಂಬಿಕಾ ಎಂಬ ಹುಡುಗಿ ಇದ್ದಳು. ಅಪ್ಪ ಕಮಲಾಪುರದಿಂದ ಸುತ್ತಲಿನ ಊರುಗಳಿಗೆ ಟಂಟಂ ಆಟೋ ಓಡಿಸುವವನು. ನನ್ನ ವಿಷಯದಲ್ಲಿ ಅವಳೇ ಮುಂದು, ಗಣಿತದಲ್ಲೂ ಮುಂದು. ಇಂಗ್ಲಿಷ್ ಎಂದರೆ ಮಾತ್ರ ಮುಖ ಬಾಡುತ್ತಿತ್ತು. 'ದ್ರ' ಮಾತು ತರುವ ದಿನ ಅವಳು ಎದ್ದುನಿಂತು, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು:

"ಹತ್ತನೇತ್ತಾ ಫೇಲಾದ್ರ ಸಾಲಿ ಸಾಕು, ಮಾಮನ ಮನಿಗಿ ಕೊಡ್ತೀವಿ."

ಹುಡುಗರು ಹೋ ಎಂದು ನಕ್ಕರು. ಸರ್ ಎಡಗಡೆ ಅರ್ಧ ಬರೆದು, ಬಲಗಡೆ ಬರೆಯಲು ಕೈ ಎತ್ತಿದವರು ಹಾಗೆಯೇ ನಿಂತುಬಿಟ್ಟರಂತೆ. ಅಂಬಿಕಾ ನಗುತ್ತಿರಲಿಲ್ಲ.

ನಾವಿಬ್ಬರೂ ಅವಳ ಅಪ್ಪನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆವು. ಅವನು ಕೆಟ್ಟವನಲ್ಲ, ಅದೇ ನಮ್ಮ ದುರ್ದೈವ. ಅವನ ಅತ್ತೆ, ಅಂದರೆ ಅಂಬಿಕಾಳ ತಾಯಿಯ ತಾಯಿ, ಕಲಬುರಗಿ ಪಕ್ಕದ ಕೋಟನೂರಿನವಳು. ತನ್ನ ಕಿರಿ ಮಗನಿಗೆ ಮೊಮ್ಮಗಳನ್ನು ತಂದುಕೊಳ್ಳಬೇಕೆಂದು ಹಟ ಹಿಡಿದಿದ್ದಳು. ಹಿರಿಯರನ್ನು ಕೂಡಿಸಿ ಹೆಣ್ಣು ಕೇಳಿದಾಗ, ಇಲ್ಲ ಎನ್ನಲು ಬಾಯಿ ಬಾರದೆ ಅಳಿಯ ಜಾಣತನ ಮಾಡಿದ್ದ.

"ಹುಡುಗಿ ಶ್ಯಾಣ್ಯಾ ಅದಾಳ, ಫೇಲ್ ಅಂತೂ ಆಗಂಗಿಲ್ಲ ಅಂತ ನಾ ಹಂಗಂದೆ ಸರ್. ಪಾಸಾದ್ರ ಓದಸ್ತೀನಿ, ಫೇಲಾದ್ರ ನಿಮ್ಮನಿಗೇ ಅಂದೆ. ಅತ್ತಿ ಕೂಡ್ಲೇ ನನ್ನ ಬಾಯಾಗ ಸಕ್ಕರಿ ಹಾಕಿಬಿಟ್ಳು."

ನಮ್ಮ ಕಡೆ ಹಿರಿಯರ ಮುಂದೆ ಸಕ್ಕರೆ ತಿಂದರೆ ಮಾತು ಮುಗಿದ ಹಾಗೆ. ಅದರ ಮೇಲೆ ಹಿಂದೆ ಸರಿದವನ ಮನೆಗೆ ಯಾರೂ ಹೆಣ್ಣು ಕೊಡುವುದಿಲ್ಲ, ಹೆಣ್ಣು ತರುವುದೂ ಇಲ್ಲ. ನಾನು ಸಿಟ್ಟಿನಿಂದ, ಹದಿನೆಂಟು ತುಂಬದ ಹುಡುಗಿ, ಹೆಲ್ಪ್‌ಲೈನಿಗೆ ಫೋನ್ ಮಾಡ್ತೀನಿ ಎಂದೆ.

"ಏನಂತ ಮಾಡ್ತೀರಿ ಟೀಚರ್?" ಎಂದರು ಸರ್. "ಲಗ್ನ ಹದಿನೆಂಟ್ ಆದಮ್ಯಾಲೇ ಅಂತಾರ. ಅಲ್ಲಿತನಾ ಸಾಲಿ ಬಿಡಿಸಿ ಮನ್ಯಾಗ ಕೂಡಸ್ತಾರ. ಅಕಿ ಓದಾದು ಅಷ್ಟಕ್ಕೇ ಮುಗೀತು."

ಅಂದಿನಿಂದ ಸರ್‌ಗೆ ಅದೊಂದೇ ಹುಚ್ಚು. ಪ್ರಾರ್ಥನೆಗೆ ಮುಂಚೆ ಅಂಬಿಕಾಳಿಗೆ ಇಂಗ್ಲಿಷ್, ಸಾಲೆ ಬಿಟ್ಟ ಮೇಲೆ ಇಂಗ್ಲಿಷ್. ಸಂಜೆ ಬಸ್ಸಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ಮೊಣಕಾಲ ಮೇಲೆ ಹರವಿಕೊಂಡು, ಯಾವುದು ಬರಬಹುದು ಎಂದು ನನ್ನನ್ನು ಪೀಡಿಸುತ್ತಿದ್ದರು. ಹುಡುಗಿಗೆ ಬಾಯಿಂದ ಕೇಳಿದರೆ ಎಲ್ಲವೂ ಬರುತ್ತಿತ್ತು. ಮೂರನೇ ನಮೂನೆ ಮಾತ್ರ ಅವಳು ಒಪ್ಪುತ್ತಲೇ ಇರಲಿಲ್ಲ.

"ಬಸ್ ಹೋಗಿಬಿಟ್ಟದಂದ್ರ ಮತ್ತ ಅದರ ಮಾತ್ ಯಾಕ್ ಸರ್? ಹಿಂಗಾಗಿದ್ರ ಹಂಗಾಗ್ತಿತ್ತು ಅಂತ ಕುಂತ್ ಅಂದ್ರ ಬಸ್ ತಿರಗಿ ಬರ್ತದೇನ್ರಿ?"

"ಬರೀತಾರವ್ವ, ಪರೀಕ್ಷಾದಾಗ ಕೇಳ್ತಾರ" ಎಂದಷ್ಟೇ ಹೇಳಿದರು ಸರ್.

ಮೊದಲ ಪರೀಕ್ಷೆಯಲ್ಲಿ ಅಂಬಿಕಾ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಉಳಿದೆಲ್ಲದರಲ್ಲಿ ಒಳ್ಳೆಯ ಅಂಕ. ಏನಾಯಿತೇ ಎಂದು ನಾನು ಕೇಳಿದರೆ, ತಲೆ ತಗ್ಗಿಸಿ ಹೇಳಿದಳು: "ಪೇಪರ್ ಕೈಯಾಗ್ ಹಿಡದ ಕೂಡ್ಲೇ ಕೋಟನೂರ ಮನಿ ಕಟ್ಟೀನೇ ಕಾಣ್ತದ ಟೀಚರ್. ಅಕ್ಷರಾನೇ ಕಾಣಂಗಿಲ್ಲ." ಸರ್ ಸ್ಟಾಫ್ ರೂಮಿನಲ್ಲಿ ಗೋಡೆ ಕಡೆ ಮುಖ ಮಾಡಿ ಕುಳಿತುಬಿಟ್ಟರು. ತಮ್ಮ ಕೈಯಲ್ಲಿ ಕಲಿತಿದ್ದೇ ಆ ಹುಡುಗಿಗೆ ಮುಳುವಾಯಿತು ಎಂದು ಒಂದೇ ಸಮ ಅಂದುಕೊಳ್ಳುತ್ತಿದ್ದರು.

ಈಗ ಹತ್ತನೇ ತರಗತಿಗೆ ಒಂದೇ ವರ್ಷದಲ್ಲಿ ಮೂರು ಸಲ ಪರೀಕ್ಷೆ. ಸರ್ ಅದನ್ನೇ ಹಿಡಿದು, ಕಮಲಾಪುರದ ಕೆಂಪು ಬಾಳೆಯ ಒಂದು ದೊಡ್ಡ ಚಿಪ್ಪು ಕಟ್ಟಿಸಿಕೊಂಡು, ಹುಡುಗಿಯ ಅಪ್ಪನ ಜೊತೆ ಕೋಟನೂರಿಗೆ ಹೋದರು. ಮರುದಿನ ಬಸ್ಸಿನಲ್ಲಿ ಅವರೇ ನನಗೆ ಎಲ್ಲ ಹೇಳಿದರು. ಇನ್ನೂ ಎರಡು ಪರೀಕ್ಷೆ ಅದಾವ, ಅಲ್ಲಿತನಾ ಕಾಯ್ರಿ ಎಂದರೆ ಅಜ್ಜಿ ಕೇಳಲಿಲ್ಲವಂತೆ. ಫೇಲಂದ್ರ ಫೇಲು ಎಂದಳಂತೆ. ಕೊನೆಗೆ ಒಂದು ಅವಕಾಶಕ್ಕೆ ಒಪ್ಪಿ, ಅದಕ್ಕೆ ಜಾಮೀನು ಯಾರು ಎಂದು ಕೇಳಿದಳಂತೆ.

"ನಾ ಅಂದೆ ಟೀಚರ್. ಈ ಸಲಾನೂ ಅಕಿ ಫೇಲಾದ್ರ ನಾ ಸಾಲಿ ಮೆಟ್ಟಲಾ ಹತ್ತಂಗಿಲ್ಲ ಅಂದೆ. ನನ್ನ ಬಾಯಾಗೂ ಸಕ್ಕರಿ ಹಾಕಿದ್ರು."

"ನಿಮಗ ತಲಿ ಕೆಟ್ಟದೇನ್ ಸರ್?" ಎಂದು ಬಸ್ಸಿನಲ್ಲೇ ಕೂಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮತ್ತೇನ್ ಇತ್ರಿ ನನ್ನ ಹತ್ರ ಕೊಡಾಕ?" ಎಂದರು.

ಎರಡನೇ ಪರೀಕ್ಷೆಯಲ್ಲೂ ಅವಳು ಫೇಲಾದಳು. ಈ ಸಲ ಅವಳ ತಲೆಯ ಮೇಲೆ ಕೋಟನೂರಿನ ಜೊತೆ ಸರ್ ನೌಕರಿಯೂ ಕುಳಿತಿತ್ತು. ಆ ಹುಡುಗಿ ಬರೆಯುವುದಾದರೂ ಹೇಗೆ? ಫಲಿತಾಂಶ ಬಂದ ಮರುದಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ. ಸರ್ ರಜೆ ಹಾಕಿ, ಸ್ವಯಂ ನಿವೃತ್ತಿಗೆ ಅರ್ಜಿ ಕಳಿಸಿದ್ದರು. ಹೆಡ್‌ಮಾಸ್ತರರು ಅದನ್ನು ಮೇಲಕ್ಕೆ ಕಳಿಸದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡು ಕುಳಿತರು. ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಆಡಿದ ಮಾತಿಗೆ ಅನ್ನ ಬಿಡುವ ಕಾಲ ಇದೇನು ಎಂದು ಮನೆಯಲ್ಲಿ ಪಾತ್ರೆಗಳ ಮೇಲೆ ಆ ಸಿಟ್ಟು ತೀರಿಸಿಕೊಂಡೆ.

ಒಂದು ವಾರ ಕಳೆದಿರಬೇಕು. ಅಂಬಿಕಾಳ ಅಪ್ಪ ಸಾಲೆಗೆ ಸರ್ ಅವರನ್ನು ಹುಡುಕಿಕೊಂಡು ಬಂದ. ಅವನ ಮುಖ ನೋಡಿ ನಾನು ಏನನ್ನೂ ಕೇಳದೆ ಸಂಜೆ ಬಸ್ಸಿಗೆ ಕರೆದುಕೊಂಡು ಕಲಬುರಗಿಗೆ, ಸರ್ ಮನೆಗೆ ಬಂದೆ. ಸರ್ ಲುಂಗಿಯಲ್ಲಿ ಕುಳಿತಿದ್ದರು. ತುಂಬುತೋಳಿನ ಅಂಗಿ ಇಲ್ಲದ ಸರ್ ಅವರನ್ನು ನಾನು ನೋಡಿದ್ದು ಅದೇ ಮೊದಲು. ಅವರ ಮನೆಯವರು ಚಹಾ ತಂದಿಟ್ಟರು, ಯಾರೂ ಮುಟ್ಟಲಿಲ್ಲ.

"ಅತ್ತಿ ಕಡಿಗಿ ಹೋಗಿದ್ದೆ ಸರ್" ಎಂದ ಅವನು. "ಕಾಲ್ ಹಿಡದೆ. ಮಾತ್ ಬಿಟ್ಟುಕೊಡ್ರಿ ಅಂದೆ. ಅಕಿ ಏನಂದ್ಳು ಗೊತ್ತದೇನ್ರಿ? ಅಂಥಾ ದೊಡ್ಡ ಮಾಸ್ತರೇ ಮಾತಿಗಿ ತಪ್ಪಲಿಲ್ಲ, ನೌಕರಿ ಬಿಟ್ ಕುಂತಾನ, ನಾವ್ ಹ್ಯಾಂಗ ತಪ್ಪಬೇಕು ಅಂತ ಕೇಳಿದ್ಳು. ಮುಂದಿನ ಸೋಮವಾರ ಸಾಲಿ ಬಿಟ್ಟ ಕಾಗದಾ ತಗೊಂಡ್ ಹುಡುಗಿನ್ನ ಕರಕೊಂಡ್ ಬಾ ಅಂದಾಳ."

ನಾನು ಸರ್ ಮುಖ ನೋಡಲಾರದೆ ಚಹಾದ ಮೇಲೆ ಕೆನೆಗಟ್ಟುವುದನ್ನು ನೋಡುತ್ತ ಕುಳಿತೆ.

"ನಾನೇ ಅಕಿನ್ನ ಕಟ್ಟಿ ಹಾಕಿದೆ ಟೀಚರ್" ಎಂದರು ಕೊನೆಗೆ. "ನಾ ಮಾತ್ ಉಳಿಸ್ಕೊಂಡಿದ್ದೇ ಆ ಹುಡುಗಿ ಕೊರಳಿಗಿ ಬಂತು."

ಅವರು ಅತ್ತರು. ಗಂಡಸು ಅಷ್ಟು ಸದ್ದು ಮಾಡಿ ಅಳುವುದನ್ನು ನಾನು ಸಾವಿನ ಮನೆಗಳಲ್ಲಿ ಮಾತ್ರ ನೋಡಿದ್ದೆ. ಒಳಗಿನಿಂದ ಅವರ ಮನೆಯವರು ಬಂದು ಬಾಗಿಲಲ್ಲಿ ನಿಂತರು.

ಮರುದಿನ ಬೆಳಿಗ್ಗೆ ಸರ್ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಸುಣ್ಣದ ಕಡ್ಡಿ. ಸಾಲೆಯ ಮೆಟ್ಟಿಲ ಬುಡದಲ್ಲಿ ಬಂದು ನಿಂತರು. ಪ್ರಾರ್ಥನೆಗೆ ಸಾಲು ನಿಂತ ಮಕ್ಕಳೆಲ್ಲ ಅವರನ್ನೇ ನೋಡುತ್ತಿದ್ದರು. ಸರ್ ಯಾಕೆ ಬರುತ್ತಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಬಿಸಿ ತಾಗಿದ ಹಾಗೆ ತೆಗೆದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗೋಣ ನಡೀರಿ" ಎಂದು ಹತ್ತಿಬಿಟ್ಟರು. ನೇರ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಅರ್ಜಿ ವಾಪಸು ಕೇಳಿ ಹರಿದು ಹಾಕಿದರು. ಅವರು ಮೆಟ್ಟಿಲು ಹತ್ತುವಾಗ ಸಾಲಿನಲ್ಲಿ ಯಾರೋ ಕಿಸಕ್ಕೆಂದದ್ದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

ಸಂಜೆ ಅಂಬಿಕಾಳ ಅಪ್ಪನನ್ನೂ ಕರೆದುಕೊಂಡು ಕೋಟನೂರಿಗೆ ಹೋದೆವು. ಹೆಣ್ಣುಮಕ್ಕಳಿರುವ ಮನೆ, ನೀವೂ ಬರ್ರಿ ಎಂದಿದ್ದರು ಸರ್. ಈ ಸಲ ಕೈಯಲ್ಲಿ ಹಣ್ಣಿರಲಿಲ್ಲ. ಕಟ್ಟೆಯ ಮೇಲೆ ಅಜ್ಜಿ ಅಕ್ಕಿ ಆರಿಸುತ್ತ ಕುಳಿತಿದ್ದಳು. ಪಕ್ಕದಲ್ಲಿ ಇಬ್ಬರು ಹಿರಿಯರು, ಬಾಗಿಲ ಬಳಿ ಆ ಮಾಮ. ವೆಲ್ಡಿಂಗ್ ಅಂಗಡಿಯಿಂದ ಆಗಷ್ಟೇ ಬಂದು ನಿಂತಿದ್ದ.

"ಅಮ್ಮಾ, ಇವತ್ತ ನಾ ಸಾಲಿಗಿ ಹೋಗಿ ಬಂದೆ" ಎಂದರು ಸರ್.

ಅಜ್ಜಿಯ ಕೈ ಮೊರದಲ್ಲೇ ನಿಂತಿತು. "ಹ್ಯಾಂಗ ಹೋದಿ? ನನ್ನ ಕಟ್ಟಿ ಮ್ಯಾಲ ಸಕ್ಕರಿ ತಿಂದಿಲ್ಲೇನು?"

"ತಿಂದಿದ್ದೆ. ಮಾತಿಗಿ ತಪ್ಪಿದೆ."

"ಎದಕ್ಕ?"

"ಪಗಾರ ಬಿಡಾಕ ಆಗಲಿಲ್ರಿ."

ನಾನು ಬಾಯಿ ತೆರೆದೆ. ಸರ್ ನನ್ನ ಕಡೆ ಒಂದು ನೋಟ ನೋಡಿದರು, ಬಾಯಿ ಮುಚ್ಚಿದೆ. ಅಜ್ಜಿ ಮೊರವನ್ನು ಪಕ್ಕಕ್ಕೆ ಸರಿಸಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಹಿರಿಯರಲ್ಲೊಬ್ಬರು ಮುಖ ತಿರುಗಿಸಿದರು.

"ನಾ ನಿನ್ನ ದೊಡ್ಡಾಂವ ಅಂತ ತಿಳಿದಿದ್ದೆ" ಎಂದಳು. "ಊರ ತುಂಬ ನಿನ್ನ ಹೆಸರ್ ಹೇಳ್ಕೋತ ಅಡ್ಡಾಡಿದೆ. ಥೂ, ಪಗಾರದ ಆಸಿಗಿ ಸಕ್ಕರಿ ಉಗುಳಿದೆಲ್ಲ! ಮಾಸ್ತರಲ್ಲ ನೀ."

"ಹೌದ್ರಿ ಅಮ್ಮಾ" ಎಂದರು ಸರ್, ತಲೆ ತಗ್ಗಿಸಿ.

ಅಜ್ಜಿ ಅಳಿಯನ ಕಡೆ ತಿರುಗಿದಳು. "ಇಂಥವನ ಕೈಯಾಗ ಕಲ್ತ ಹುಡುಗಿ ನನ್ನ ಮನಿಗಿ ಬ್ಯಾಡ. ನಾಳಿ ಅದೂ ಹಿಂಗೇ ಮಾತ್ ತಿರುಗಸ್ತದ. ನಿನ್ನ ಸಕ್ಕರಿ ನಿನಗೇ ಇರಲಿ. ಓದಸ್ತೀಯೋ, ಏನ್ ಮಾಡ್ತೀಯೋ ಮಾಡ್ಕೋ."

ಮಾಮ ಗಡಬಡಿಸಿ ಹೊರಗೆ ಓಡಿ ನಮಗೆ ಆಟೋ ನಿಲ್ಲಿಸಿದ. ಅವನ ಮುಖದ ಮೇಲಿನ ನಿರಾಳ ನೋಡಿದರೆ, ಇಷ್ಟು ದಿನ ಅವನನ್ನು ಯಾರೂ ಏನೂ ಕೇಳಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ಕಲಬುರಗಿಯ ಸೂಪರ್ ಮಾರ್ಕೆಟ್ ಬರುವವರೆಗೂ ಸರ್ ಆಟೋದ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದರು. ಇಳಿಯುವಾಗ, "ಹುಡುಗಿ ಸಲುವಾಗಿ ಅಂದಿದ್ರ ಮತ್ತ ನನ್ನ ದೊಡ್ಡಾಂವನೇ ಮಾಡ್ತಿದ್ಳು, ಅದಕ್ಕ ಪಗಾರ ಅಂದೆ. ನಾ ತಪ್ಪೀನಿ, ನೀವೂ ತಪ್ಪರಿ ಅಂತ ಕೈ ಮುಗಿದು ಕೇಳಬೇಕಂತ ಹೋಗಿದ್ದೆ. ಕೇಳಾಕೇ ಬಿಡಲಿಲ್ಲ ನೋಡ್ರಿ" ಎಂದು ನಕ್ಕರು. ಕಣ್ಣೊರೆಸಿಕೊಂಡ ಮೇಲೆ ಕೆನ್ನೆಗೆ ಸುಣ್ಣದ ಪುಡಿ ಹತ್ತಿತ್ತು.

ಮೂರನೇ ಪರೀಕ್ಷೆಯಲ್ಲಿ ಅಂಬಿಕಾ ಹೇಗೋ ಗಡಿ ದಾಟಿ ಪಾಸಾದಳು. ತಲೆಯ ಮೇಲೆ ಯಾವ 'ದ್ರ'ವೂ ಇಲ್ಲದೆ ಬರೆದ ಮೊದಲ ಪರೀಕ್ಷೆ ಅದು. "ಇಫ್ ವಾಕ್ಯ ಬರದೀಯೇನವ್ವ?" ಎಂದು ಸರ್ ಕೇಳಿದರೆ, "ಎರಡ್ ಬರದೆ ಸರ್, ಮೂರನೇದ್ ಬಿಟ್ಟೆ" ಎಂದಳು.

ಕಥೆ ಅಲ್ಲಿಗೇ ಸುಖವಾಗಿ ಮುಗಿಯಿತು ಎಂದುಕೊಂಡರೆ ತಪ್ಪು. ನಿಜ ಏನೆಂದು ಹೇಳಲು ಸರ್ ನನಗೂ ಬಿಡಲಿಲ್ಲ, ಆ ಅಪ್ಪನಿಗೂ ಬಿಡಲಿಲ್ಲ. ಗೊತ್ತಾದರೆ ಅಜ್ಜಿ ಮತ್ತೆ ತಿರುಗಿ ಬೀಳುತ್ತಾಳೆಂಬ ಭಯ. ಹಾಗಾಗಿ ಪಗಾರಕ್ಕೆ ಮಾತು ತಪ್ಪಿದವರು ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಯಾರಾದರೂ ಸಕ್ಕರೆ ಡಬ್ಬಿ ಮುಂದೆ ಹಿಡಿದು ನಗುತ್ತಿದ್ದರು. ತರಗತಿಯಲ್ಲಿ ಅವರು 'ದ್ರ' ಎಂದರೆ ಹಿಂದಿನ ಬೆಂಚಿನಿಂದ ಕೆಮ್ಮು ಕೇಳುತ್ತಿತ್ತು. ಒಂದು ದಿನ ಒಬ್ಬ ಹುಡುಗ ಮುಖಕ್ಕೇ ಕೇಳಿದನಂತೆ: "ಹೋಂವರ್ಕ್ ತರದಿದ್ರ ಊಟಾ ಬಿಡ್ತೀರೇನ್ರಿ ಸರ್?" ಆ ಮಧ್ಯಾಹ್ನ ಸರ್ ಎಲ್ಲರ ಎದುರು ಡಬ್ಬಿ ಬಿಚ್ಚಿ ಊಟ ಮಾಡಿದರು. ಪ್ರತಿ ತುತ್ತಿಗೂ ನೀರು ಕುಡಿದು ಕುಡಿದು ನುಂಗುತ್ತಿದ್ದರು. ನಿವೃತ್ತಿಯ ದಿನ ಬೀಳ್ಕೊಡುಗೆಯಲ್ಲಿ ಅವರ ಬಗ್ಗೆ ಮಾತಾಡಲು ಮುಂದೆ ಬಂದವರು ಕಡಿಮೆ.

ಈಗ ಅವರಿಲ್ಲ. ಕೋಟನೂರಿನ ಅಜ್ಜಿ ಅವರಿಗಿಂತ ಮೊದಲೇ ಹೋದಳು, ಮಾಮನಿಗೆ ಬೇರೆ ಕಡೆ ಲಗ್ನವಾಗಿದೆ. ಸತ್ತವರಿಗೆ ಎಲ್ಲರೂ ಕಟ್ಟುವ ಬ್ಯಾನರನ್ನೇ ನಮ್ಮವರೂ ಕಟ್ಟಿದ್ದರು. ಕೆಲವರು ಅದನ್ನು ಓದಿ ಒಬ್ಬರನ್ನೊಬ್ಬರು ನೋಡಿಕೊಂಡದ್ದನ್ನೂ ಕಂಡೆ. ಹೆಡ್‌ಮಾಸ್ತರರ ಭಾಷಣ ಮುಗಿದು, ಹಳೆಯ ವಿದ್ಯಾರ್ಥಿಗಳು ಯಾರಾದರೂ ಎರಡು ಮಾತಾಡಬಹುದು ಎಂದಾಗ, ಹಿಂದಿನ ಸಾಲಿನಿಂದ ಅಂಬಿಕಾ ಎದ್ದು ಬಂದಳು. ಈಗ ಕಲಬುರಗಿಯಲ್ಲಿ ಪಿಯುಸಿ ಎರಡನೇ ವರ್ಷ ಓದುತ್ತಿದ್ದಾಳೆ. ಅವಳ ಅಪ್ಪ ಬಾಗಿಲ ಬಳಿ ಟಂಟಂ ಚಾವಿ ಹಿಡಿದು ನಿಂತಿದ್ದ.

ಮೈಕ್ ಹಿಡಿದು ಅವಳು ಒಮ್ಮೆ ಬ್ಯಾನರಿನ ಕಡೆ ನೋಡಿದಳು, ಒಮ್ಮೆ ನನ್ನ ಕಡೆ.

"ಇಲ್ಲಿ ಬರದದ್ದು ಖರೆ ಅಲ್ರಿ" ಎಂದಳು. "ನಮ್ಮ ಸರ್ ನುಡಿದಂಗ ನಡೀಲಿಲ್ಲ."

ಸಭೆಯಲ್ಲಿ ಗುಸುಗುಸು ಎದ್ದಿತು. ಹೆಡ್‌ಮಾಸ್ತರರು ಮೈಕಿನ ಕಡೆ ಕೈ ಚಾಚಿದರು. ನಾನು ಅವರ ತೋಳು ಹಿಡಿದು ಕೂರಿಸಿದೆ.

"ನಡದಿದ್ರ," ಎಂದು ಅಂಬಿಕಾ ಫೋಟೋ ನೋಡುತ್ತ ಹೇಳಿದಳು, "ನಾ ಇವತ್ತ ಇಲ್ಲಿ ನಿಂತಿರ್ತಿದ್ದಿಲ್ಲ ಸರ್."